ಮಾವನ ಬ್ಯಾಟರಿಗೆ ಮರುಜನ್ಮ

"ಸತ್ತದ್ದನ್ನು ಎಬ್ಬಿಸೋ ಕೆಲಸ ನನಗೆ ಬಿಡಿ!" ಎಂದು ನಾನು ಘೋಷಿಸಿದ್ದು ಶುಕ್ರವಾರ ಬೆಳಿಗ್ಗೆ, ಕಾರಿನ ಬ್ಯಾಟರಿಯನ್ನು ಕೂಸಿನಂತೆ ಎತ್ತಿಕೊಂಡು ಮನೆಯೊಳಗೆ ಬರುತ್ತಾ.

"ಯಾರನ್ನ ಎಬ್ಬಿಸ್ತಿದೀಯ ಅಂತ ನೋಡ್ಕೊಂಡು ಎಬ್ಬಿಸು," ಎಂದರು ಅತ್ತೆ ರಾದೊಯ್ಕಾ.

ಮರುದಿನ ಸತ್ತವರ ಶನಿವಾರ. ಎಷ್ಟೇ ಹಿಮ ಬೀಳಲಿ, ಅಂದು ನಮ್ಮ ಸೆರ್ಬಿಯಾದಲ್ಲಿ ಎಲ್ಲರೂ ತಮ್ಮವರ ಗೋರಿಗೆ ಹೋಗಲೇಬೇಕು. ಮಾವ ತಿಹೊಮಿರ್ ಮಲಗಿರುವುದು ಹದಿನಾಲ್ಕು ಕಿಲೋಮೀಟರ್ ದೂರದ ಗುಡ್ಡದ ಮೇಲೆ. ಬಸ್ಸಿಲ್ಲ. ಅವರು ಸತ್ತ ಹನ್ನೊಂದು ವರ್ಷದಲ್ಲಿ ಅತ್ತೆ ಒಮ್ಮೆಯೂ ತಪ್ಪಿಸಿದವರಲ್ಲ. ಗೋರಿಯ ಮೇಲಿಡುವ ಗೋಧಿ ಆಗಲೇ ಬೇಯುತ್ತಿತ್ತು. ಮಾವನದೇ ಆದ ಕಾರು ಮಾತ್ರ ಕೀಲಿ ತಿರುಗಿಸಿದರೆ 'ಟಿಕ್' ಎಂದು ಸುಮ್ಮನಾಗುತ್ತಿತ್ತು.

ಮೀಟರ್ ಹಿಡಿದೆ: ಹನ್ನೊಂದು ಪಾಯಿಂಟ್ ಆರು ವೋಲ್ಟ್. ಟರ್ಮಿನಲ್ಲಿಗೆ ಕಟ್ಟಿದ್ದ ಬಿಳಿ ಪುಡಿಯನ್ನು ಅಡುಗೆಸೋಡಾ ಕಲಸಿದ ನೀರಿನಲ್ಲಿ ತಿಕ್ಕಿದೆ. ಆರು ಮುಚ್ಚಳ ಬಿಚ್ಚಿ ಡಿಸ್ಟಿಲ್ಡ್ ವಾಟರ್ ತುಂಬಿದೆ. ಉಗ್ರಾಣದಲ್ಲಿಟ್ಟು ಮಾವನ ಹಳೇ ಚಾರ್ಜರ್ ಹಚ್ಚಿದೆ. ಚಾರ್ಜ್ ಆಗುವಾಗ ಜಲಜನಕ ಹೊರಡುತ್ತದೆ, ಕಿಡಿ ಸೋಕಿದರೆ ಸಿಡಿಯುತ್ತದೆ. ಆದ್ದರಿಂದ ಕಿಟಕಿ ತೆರೆದಿಟ್ಟೆ.

ಹತ್ತೇ ನಿಮಿಷದಲ್ಲಿ ಅದು ಮುಚ್ಚಿತ್ತು!

"ಅಳಿಯಾ, ಅಡುಗೆಮನೆ ಕಿಟಕಿನೂ ತೆರೆದಿದೆ, ಇದನ್ನೂ ತೆರೆದಿದೀಯ. ಪ್ರೊಮಾಯ ಹೊಡೆದ್ರೆ ಏನು ಗತಿ?"

ಪ್ರೊಮಾಯ ಎಂದರೆ ಎದುರುಬದುರು ಕಿಟಕಿಗಳ ನಡುವೆ ಹಾಯುವ ಗಾಳಿ. ನಮ್ಮೂರಿನ ಅರ್ಧ ರೋಗಗಳಿಗೆ ಅದೇ ಕಾರಣವಂತೆ.

"ಗಾಳಿಗೆ ಕುತ್ತಿಗೆ ಹಿಡಿಯುತ್ತೆ ಅನ್ನೋದಕ್ಕೆ ಒಂದೇ ಒಂದು ಪುರಾವೆ ಕೊಡಿ ಅತ್ತೆ!"

"ನಿನ್ನ ಮಾವನೂ ಹೀಗೇ ವಾದ ಮಾಡ್ತಿದ್ದ. ಈಗ ಎಲ್ಲಿದಾನೆ?"

ನಾನು ತೆರೆದೆ, ಅವರು ಮುಚ್ಚಿದರು. ಒಂಬತ್ತನೇ ಸಲಕ್ಕೆ ವಿಜ್ಞಾನ ಸೋತಿತು.

ಐದು ಗಂಟೆಗೆ ಕತ್ತಲು ಕವಿಯಿತು. ಮಂಜು ಕಿಟಕಿಗಾಜಿಗೆ ಮುಖ ಒತ್ತಿ ನಿಂತಿತ್ತು. ಆಗ ಉಗ್ರಾಣದಿಂದ ಕೇಳಿಸಿತು: ಗುಳು... ಗುಳು... ಗುಳು...

ಅತ್ತೆಯ ಕೈಯಲ್ಲಿದ್ದ ಸೌಟು ನಿಂತಿತು. "ಅವನೇ."

"ಯಾರು?"

"ತಿಹೊಮಿರ್. ನಲವತ್ತು ವರ್ಷ ಅಲ್ಲೇ ನಿಂತು ಬಾಟಲಿಗೆ ಬಾಯಿ ಹಚ್ಚಿ ಕದ್ದು ರಾಕಿಯಾ ಸಾರಾಯಿ ಕುಡೀತಿದ್ದ. ಆ ಗುಟುಕು ನಂಗೆ ಗೊತ್ತಿಲ್ವಾ?"

ಹೆಂಡತಿ ದೆಸಾಂಕ ನನ್ನ ತೋಳು ಹಿಡಿದಳು. "ವುಕಾಶಿನ್, ಏನೋ ಅದು?"

"ಗುಳ್ಳೆ ಕಣೇ! ನೀರು ಒಡೆದು ಜಲಜನಕ..."

"ಕೊಳೆತ ಮೊಟ್ಟೆ ವಾಸನೆ?"

"ಅದೂ ವಿಜ್ಞಾನವೇ!"

ತಿರುಗಿ ನೋಡಿದರೆ ಅತ್ತೆ ಇಲ್ಲ. ಉರಿಯುವ ಮೇಣದಬತ್ತಿ ಹಿಡಿದು ಉಗ್ರಾಣದ ಹೊಸ್ತಿಲು ದಾಟುತ್ತಿದ್ದಾರೆ! ಮುಚ್ಚಿದ ಕೋಣೆ, ತುಂಬಿದ ಜಲಜನಕ! ಮಾವನ ಪಕ್ಕದಲ್ಲಿ ಇನ್ನೂ ಮೂರು ಗೋರಿಗಳು ನನ್ನ ಕಣ್ಣಿಗೆ ಕಟ್ಟಿದವು. ಹಾರಿ ಹೋಗಿ 'ಉಫ್' ಎಂದು ಊದಿಬಿಟ್ಟೆ.

ಸತ್ತವರಿಗೆ ಹಚ್ಚಿದ ದೀಪ. ಬಾಯಲ್ಲಿ ಊದಿ ಆರಿಸಿದ್ದೆ.

"ಅಯ್ಯೋ ಪಾಪಿ!" ಎಂದಿತು ಕತ್ತಲಲ್ಲಿ ಅತ್ತೆಯ ದನಿ.

ಅವರನ್ನು ಹೊರಗೆಳೆದು ಎರಡೂ ಕಿಟಕಿ ತೆರೆದೆ. ಹಿಮಗಾಳಿ ನನ್ನ ಬೆವೆತ ಕುತ್ತಿಗೆಯನ್ನು ಸವರಿಕೊಂಡು ಮನೆಯ ಈ ತುದಿಯಿಂದ ಆ ತುದಿಗೆ ಹಾಯಿತು. ಉಗ್ರಾಣದ ಬಾಗಿಲು ಧಡ್ ಎಂದು ತಾನೇ ಮುಚ್ಚಿಕೊಂಡಿತು. ಒಳಗಿನಿಂದ ಮತ್ತೆ, ಗುಳು... ಗುಳು...

ಬಾಗಿಲು ತಳ್ಳಿ ಟಾರ್ಚ್ ಬಿಟ್ಟೆ. "ನೋಡಿ, ಚಾರ್ಜ್ ಆಗ್ತಾ..." ಎನ್ನುತ್ತಾ ಬೆಳಕನ್ನು ಚಾರ್ಜರಿನ ವಯರ್ ಗುಂಟ ಹಾಯಿಸಿದೆ. ಪ್ಲಗ್ ನೆಲದ ಮೇಲೆ ಬಿದ್ದಿತ್ತು.

"ಅದನ್ನ ನಾಲ್ಕು ಗಂಟೆಗೇ ಕಿತ್ತೆ. ವಾಸನೆ ತಡೆಯಕ್ಕಾಗ್ಲಿಲ್ಲ," ಎಂದರು ಅತ್ತೆ.

ಮೂವರೂ ಬಗ್ಗಿ ನೋಡಿದೆವು. ಆರು ತೂತುಗಳಲ್ಲೂ ನೀರು ಕನ್ನಡಿಯಂತೆ ನಿಂತಿತ್ತು. ಒಂದೇ ಒಂದು ಗುಳ್ಳೆ ಇಲ್ಲ.

ಬೆಳಿಗ್ಗೆ ಹನ್ನೆರಡು ಪಾಯಿಂಟ್ ಆರು ವೋಲ್ಟ್! ಕಾರು ಮೊದಲ ತಿರುವಿಗೇ ಗುಡುಗಿತು. ನಾನು ಬೀಗಬೇಕಿತ್ತು. ಆದರೆ ನನ್ನ ಕುತ್ತಿಗೆ ಮರದ ಗೂಟದಂತೆ ಸೆಟೆದು ನಿಂತಿತ್ತು. ದೆಸಾಂಕ ಕಾರು ಓಡಿಸಿದಳು.

ಗುಡ್ಡದ ಮೇಲೆ ದೀಪ ಹಚ್ಚಿ, ಗೋಧಿ ಇಟ್ಟು, ಅತ್ತೆ ಉಗ್ರಾಣದಿಂದ ತಂದಿದ್ದ ರಾಕಿಯಾ ಬಾಟಲಿಯನ್ನು ಗೋರಿಯ ಮೇಲೆ ಬಗ್ಗಿಸಿದರು. ಬಿದ್ದದ್ದು ನಾಲ್ಕು ಹನಿ.

"ಗುರುವಾರ ನಾನೇ ತುಂಬಿಸಿಟ್ಟಿದ್ದೆ," ಎಂದರು ಮೆಲ್ಲಗೆ. ಆಮೇಲೆ ಕಲ್ಲನ್ನು ಪ್ರೀತಿಯಿಂದ ತಟ್ಟಿದರು. "ಮನೇಲೇ ಮುಗಿಸಿಬಿಟ್ಯಲ್ಲೋ ಮಹರಾಯಾ!"

ನನ್ನತ್ತ ತಿರುಗಿದರು. "ನೀನೇನಂತೀಯ ಅಳಿಯಾ? ಅವನು ಬಂದೇ ಇಲ್ಲ ಅಂತೀಯಾ?"

ಬಂದಿಲ್ಲ ಎಂದು ತಲೆ ಅಲ್ಲಾಡಿಸಲು ಹೊರಟೆ. ಕುತ್ತಿಗೆ ತಿರುಗಲಿಲ್ಲ!