ಗೋಪಿನಾಥರ ಎರಡು ಪದರದ ಗಾಜು

ಗಾಳಿಬೀಡಿನಲ್ಲಿ ಮನೆ ಮಾಡಿಕೊಂಡು ಗಾಳಿ ಬೇಡ ಅನ್ನುವವರ ಪಾಡು ಹೇಗಿರುತ್ತದೆಂದು ತಿಳಿಯಬೇಕಾದರೆ ಗೋಪಿನಾಥರನ್ನು ನೋಡಬೇಕಿತ್ತು. ಮಡಿಕೇರಿಯ ಖಜಾನೆ ಕಚೇರಿಯಲ್ಲಿ ಅವರದು ಗುಮಾಸ್ತಿಕೆ. ದಿನವಿಡೀ ಕಬ್ಬಿಣದ ಬಾಗಿಲುಗಳ ಭದ್ರತೆಯಲ್ಲಿ ಕೂತು, ಸಂಜೆ ಬಸ್ಸಿಳಿದು ಏರು ಹತ್ತಿ ಮನೆಗೆ ಬಂದರೆ ಅಲ್ಲಿ ಭದ್ರ ಅನ್ನುವಂಥ ಒಂದು ಕಿಟಕಿಯೂ ಇಲ್ಲ. ಎಲ್ಲ ಹಲಸಿನ ಮರದ ಹಳೇ ಕಿಟಕಿಗಳು. ಒಂದು ರೆಕ್ಕೆ ಮುಚ್ಚಿದರೆ ಇನ್ನೊಂದು ತೆರೆದುಕೊಳ್ಳುತ್ತಿತ್ತು. ಸಂದಿಗಳಿಗೆ ತುರುಕಿದ ಪಂಚೆಯ ಚೂರುಗಳು ಧ್ವಜದಂತೆ ಹಾರಾಡುತ್ತಿದ್ದವು. ಪುಷ್ಯಮಾಸ ಬಂತೆಂದರೆ ಗೋಪಿನಾಥರು ಮಂಕಿ ಕ್ಯಾಪು, ಮಫ್ಲರು, ಕಾಲುಚೀಲ ಸಮೇತರಾಗಿ ಊಟಕ್ಕೆ ಕೂರುತ್ತಿದ್ದರು (ಅನ್ನ ಕಲಸುವ ಕೈಯೊಂದು ಮಾತ್ರ ದಿಗಂಬರ).

ಇಷ್ಟನ್ನಾದರೂ ಸಹಿಸಬಹುದಿತ್ತು. ಆದರೆ ಅವರ ಹೆಂಡತಿ ಗೋಮತಿ, ಶಾಲೆಯಲ್ಲಿ ಮಕ್ಕಳಿಗೆ ಆರೋಗ್ಯದ ಪಾಠ ಹೇಳಿ ಹೇಳಿ, ಮಂಡಿನೋವಿನಿಂದ ಅವಧಿಗೆ ಮೊದಲೇ ನಿವೃತ್ತಿಯಾದವರು. ಬೆಳಕು ಹರಿದೊಡನೆ ಮನೆಯ ಎಲ್ಲ ಕಿಟಕಿಗಳನ್ನೂ ತೆರೆಯುವುದು ಅವರ ನಿತ್ಯವ್ರತ. ಅವರು ತೆರೆಯುತ್ತ ಹೋದ ಹಾಗೆ ಗೋಪಿನಾಥರು ಹಿಂದಿನಿಂದ ಮುಚ್ಚುತ್ತ ಹೋಗುತ್ತಿದ್ದರು.

"ಮನೆ ಉಸಿರಾಡೋದು ಬೇಡ್ವೇನ್ರೀ?"

"ಅದು ಉಸಿರಾಡಿದ್ರೆ ನನ್ನ ಉಸಿರು ನಿಲ್ಲುತ್ತೆ ಕಣೇ."

"ಸ್ವೆಟರ್ ಹಾಕ್ಕೊಳ್ಳಿ."

"ಹಾಕ್ಕೊಂಡಿದೀನಿ."

"ಇನ್ನೊಂದು ಹಾಕ್ಕೊಳ್ಳಿ."

ಮದುವೆಯಾದಾಗಿನಿಂದ ಈ ಸಂಭಾಷಣೆಯಲ್ಲಿ ಒಂದಕ್ಷರವೂ ಬದಲಾಗಿರಲಿಲ್ಲ. ಗೋಪಿನಾಥರಿಗೆ ಸಾಕಾಗಿತ್ತು. ಚಳಿಗಿಂತ ಹೆಚ್ಚಾಗಿ, ಸೋತು ಸೋತು.

ಹೀಗಿರುವಾಗ ಕುಶಾಲನಗರದ ಒಂದು ಗೃಹಪ್ರವೇಶದಲ್ಲಿ ಅವರಿಗೆ ಜ್ಞಾನೋದಯವಾಯಿತು. ಆ ಮನೆಯ ಕಿಟಕಿಗಳಿಗೆಲ್ಲ ಎರಡೆರಡು ಪದರದ ಗಾಜು. ಹೊರಗಿನ ಚಳಿ ಒಳಗೆ ಬರದು, ಒಳಗಿನ ಶಾಖ ಹೊರಗೆ ಹೋಗದು, ಹೀಟರಿನ ಕರೆಂಟೂ ಉಳಿಯುತ್ತದಂತೆ. ಹೋಳಿಗೆ ಅರ್ಧಕ್ಕೇ ಬಿಟ್ಟು ಗೋಪಿನಾಥರು ಕಿಟಕಿ ಕಂಪನಿಯವನ ಫೋನ್ ನಂಬರು ಬರೆದುಕೊಂಡರು.

ಮೈಸೂರಿನಿಂದ ಮಧುಸೂದನ ಎಂಬ ಪ್ರತಿನಿಧಿ ಬಂದ. ಟೈ ಕಟ್ಟಿದ್ದ. ಹಜಾರದ ಗಾಳಿಗೆ ಆ ಟೈ ಅವನ ಹೆಗಲ ಮೇಲೆಯೇ ಮಲಗಿತ್ತು.

"ಸರ್, ಇದರಲ್ಲಿ ತೆಗೆಯೋದೂ ಇದೆ, ಫಿಕ್ಸೆಡ್ಡೂ ಇದೆ. ಫಿಕ್ಸೆಡ್ ಅಂದ್ರೆ ತೆಗೆಯೋಕೇ ಬರಲ್ಲ. ಶಾಖ ಉಳಿಸೋಕೆ ಅದೇ ಬೆಸ್ಟು."

ಗೋಪಿನಾಥರ ಮನಸ್ಸು ಕುಣಿಯಿತು. ತೆಗೆಯಲು ಬಾರದ ಕಿಟಕಿ! ಗೋಮತಿ ಒಳಗೆ ಕಾಫಿ ಸೋಸುತ್ತಿದ್ದುದನ್ನು ಖಾತ್ರಿ ಮಾಡಿಕೊಂಡು, "ಅಡುಗೆಮನೆಗೆ ಒಂದು ಸರಿಸೋದು ಹಾಕಿ. ಮಿಕ್ಕಿದ್ದೆಲ್ಲ ಫಿಕ್ಸೆಡ್," ಎಂದು ಪಿಸುಗುಟ್ಟಿದರು.

ಹಳೇ ಕಿಟಕಿಗಳನ್ನು ಕಿತ್ತ ದಿನವೇ ಹೊಸವು ಬಂದವು, ಒಂದು ಗೇಣು ಕಿರಿದಾಗಿ. ಅವು ಮೈಸೂರಿಗೆ ವಾಪಸು ಹೋಗಿ ಬರುವತನಕ ಮನೆಗೆ ನೀಲಿ ಟಾರ್ಪಾಲೇ ಗತಿ. ಅದು ರಾತ್ರಿ ಹಗಲು ಪಟಪಟ ಅನ್ನುತ್ತಿತ್ತು. ಎರಡು ಕಂಬಳಿಯೊಳಗಿದ್ದ ಗಂಡನಿಗೆ ಕಾಫಿ ಕೊಡುವಾಗಲೆಲ್ಲ ಗೋಮತಿ, "ಶಾಖ ಉಳೀತಿದ್ಯಾ?" ಎಂದು ಕೇಳುತ್ತಿದ್ದರು.

ಕಡೆಗೂ ಕಿಟಕಿಗಳು ಕೂತವು. ಮಾರನೆಯ ಬೆಳಿಗ್ಗೆ ಗೋಮತಿ ಹಜಾರಕ್ಕೆ ಬಂದು ಚಿಲಕಕ್ಕೆ ಕೈ ಚಾಚಿದರು. ಚಿಲಕ ಇರಲಿಲ್ಲ. ಅಂಗೈ ಗಾಜಿನ ಮೇಲೆ ಆ ಕಡೆ ಈ ಕಡೆ ಹುಡುಕಿ ಹಿಂದಕ್ಕೆ ಬಂತು.

"ಇದನ್ನ ತೆಗೆಯೋದು ಹೇಗೆ?"

"ತೆಗೆಯೋ ಥರದ್ದು ಸ್ಟಾಕ್ ಇರ್ಲಿಲ್ಲವಂತೆ."

"ತೆಗೆಯೋಕಾಗ್ದೇ ಇರೋದನ್ನ ಕಿಟಕಿ ಅಂತ ಯಾಕೆ ಕರೀತಾರೆ? ಗೋಡೆ ಅಂದ್ರಾಯ್ತು."

ಗೋಪಿನಾಥರಿಗೆ ಒಂದು ಕ್ಷಣ ಪಾಪ ಅನ್ನಿಸಿತು. ಎರಡನೆಯ ಕ್ಷಣ ಬೆಚ್ಚಗನ್ನಿಸಿತು. ಆ ವಾರ ಅವರು ಬರೀ ಬನಿಯನ್ನಿನಲ್ಲಿ ಚಕ್ರವರ್ತಿಯಂತೆ ಓಡಾಡಿದರು.

ಪಕ್ಕದ ಮನೆಯ ಸುಲೋಚನಮ್ಮ ನೋಡಲು ಬಂದವರು, ಗಾಜಿನಲ್ಲಿ ತಮ್ಮ ಸೆರಗು ಸರಿಮಾಡಿಕೊಂಡು, "ಥೇಟ್ ಹೋಂಸ್ಟೇ ಥರ ಆಗೋಯ್ತು ಗೋಮತಿ," ಎಂದರು. ಅದಕ್ಕೆ ಸರಿಯಾಗಿ ಆ ಭಾನುವಾರ ಪ್ರವಾಸಿಗಳ ಕಾರೊಂದು ಗೇಟಿನ ಮುಂದೆ ನಿಂತು, "ರೂಮ್ ಖಾಲಿ ಇದೆಯಾ?" ಎಂದು ಕೇಳಿತು. ಗೋಮತಿಯ ಮುಖದಲ್ಲಿ ಹೆಮ್ಮೆ ಮೂಡಿತು. ಧೂಳು ಒರೆಸುವ ಕೆಲಸವೂ ತಪ್ಪಿತ್ತು, ಮಂಡಿನೋವು ಕಡಿಮೆಯಾಗಿತ್ತು. ಮೆಲ್ಲನೆ ಅವರು ಗಾಜಿನ ಪಕ್ಷಕ್ಕೆ ಸೇರಿದರು. ಶಾಖ ಸೋರುತ್ತದೆಂದು ಅಡುಗೆಮನೆಯ ಸರಿಸುವ ಕಿಟಕಿಯನ್ನೂ ಸರಿಸದಾದರು.

ಗೋಪಿನಾಥರ ಕಷ್ಟ ಶುರುವಾದದ್ದು ಅಲ್ಲಿಂದ. ಒಣಮೆಣಸಿನಕಾಯಿಯ ಒಗ್ಗರಣೆ ಹಾಕಿದರೆ ಅದರ ಘಾಟು ಮನೆಯೊಳಗೇ ಠಿಕಾಣಿ ಹೂಡಿ, ಮರುದಿನದ ಒಗ್ಗರಣೆಯನ್ನು ಸ್ವಾಗತಿಸಿಯೇ ಹೋಗುತ್ತಿತ್ತು. ಅವರ ಶರ್ಟು, ಕೋಟು, ಛತ್ರಿಗಳಿಗೆಲ್ಲ ಇಂಗಿನ ವಾಸನೆ. ಕಚೇರಿಯಲ್ಲಿ ಪಕ್ಕದ ಮೇಜಿನ ಸಿದ್ದಣ್ಣ ತಲೆ ಎತ್ತದೆಯೇ, "ಏನ್ ಸಾರ್, ನಿನ್ನೆ ಹುರುಳಿಸಾರಾ?" ಎಂದು ಕೇಳತೊಡಗಿದರು. ಒಂದು ದಿನವೂ ತಪ್ಪಾಗಲಿಲ್ಲ.

ಅದಕ್ಕಿಂತ ದೊಡ್ಡ ನಷ್ಟ ಬೇರೆ ಇತ್ತು. ಇಷ್ಟು ವರ್ಷ ಗೋಮತಿ ಒಳಗಿನಿಂದ ಏನಾದರೂ ಕೆಲಸ ಹೇಳಿದರೆ, "ಗಾಳಿ ಕಣೇ, ಕೇಳಿಸ್ಲಿಲ್ಲ," ಅನ್ನುವ ಅನುಕೂಲವಿತ್ತು. ಈಗ ಹೊರಗೆ ಮರಗಳು ತಲೆ ಕೊಡವಿಕೊಳ್ಳುತ್ತಿದ್ದರೂ ಒಳಗೆ ಸೂಜಿ ಬಿದ್ದರೆ ಕೇಳುವ ನಿಶ್ಶಬ್ದ. ಗ್ಯಾಸಿಗೆ ಫೋನ್ ಮಾಡಿ, ತೆಂಗಿನಕಾಯಿ ಸುಲಿಯಿರಿ, ನಿಮ್ಮ ತಂಗಿ ಅವತ್ತು ಅಂದ ಮಾತು ನೆನಪಿದೆಯಾ. ಪ್ರತಿಯೊಂದೂ ಸ್ಪಷ್ಟವಾಗಿ, ಅಕ್ಷರಶಃ ಬಂದು ಕಿವಿಗೆ ಬೀಳುತ್ತಿತ್ತು. ಕೇಳಿಸಲಿಲ್ಲ ಅನ್ನುವ ಹಾಗೇ ಇಲ್ಲ.

ಒಂದು ರಜೆಯ ಬೆಳಿಗ್ಗೆ, ತಲೆಯೆಲ್ಲ ಒಗ್ಗರಣೆಯಾಗಿ, ಅವರು ಮುಂಬಾಗಿಲನ್ನು ಸ್ವಲ್ಪ ತೆರೆದರು.

"ಬಾಗಿಲು ಹಾಕಿ. ಶಾಖ ಹೋಗುತ್ತೆ."

"ಒಂಚೂರು ಗಾಳಿ ಬರ್ಲಿ ಗೋಮತಿ."

"ಇಷ್ಟೆಲ್ಲ ಖರ್ಚು ಮಾಡಿಸಿ ಈಗ ಗಾಳಿ ಬೇಕಾ? ಬೇಕಾದವರು ಆಚೆ ಕೂತ್ಕೊಳ್ಳಿ."

ಗೋಪಿನಾಥರು ಪೇಪರು ಹಿಡಿದು ಜಗಲಿಗೆ ಹೋದರು. ಹಿಂದೆ ಚಿಲಕ ಬಿತ್ತು. ಚಳಿ ಇತ್ತು, ಪೇಪರು ಕೈಗೆ ಸಿಗದೆ ಒದ್ದಾಡುತ್ತಿತ್ತು. ಆದರೂ ಮೂಗಿಗೆ ಕಾಫಿ ತೋಟದ ಹಸಿ ವಾಸನೆ ಬಂತು, ಕಿವಿಗೆ ಯಾರ ಮಾತೂ ಬೀಳಲಿಲ್ಲ. ಎಷ್ಟೋ ದಿನಗಳ ಮೇಲೆ ಅವರು ಉದ್ದಕ್ಕೆ ಉಸಿರೆಳೆದರು.

ಸ್ವಲ್ಪ ಹೊತ್ತಿಗೆ ಕಾಫಿ ನೆನಪಾಯಿತು. ಕೂಗಿದರು. ಕೂಗು ಗಾಜು ದಾಟಲಿಲ್ಲ. ಎದ್ದು ಹೋಗಿ ಹಜಾರದ ಕಿಟಕಿಗೆ ಮುಖ ಹಚ್ಚಿದರು. ಒಳಗೆ ಗೋಮತಿ ಕುರ್ಚಿಯಲ್ಲಿ ಕಾಲು ಚಾಚಿ ಬಿಸಿ ಲೋಟ ಹಿಡಿದು ಕೂತಿದ್ದರು. ಗೋಪಿನಾಥರು ಬೆರಳಿನಿಂದ ಗಾಜು ತಟ್ಟಿದರು. ಮತ್ತೆ ಅಂಗೈಯಿಂದ ತಟ್ಟಿದರು. ಗೋಮತಿ ತಿರುಗಿ ನೋಡಿ, ಲೋಟ ಕೆಳಗಿಟ್ಟು ಎದ್ದು ಬಂದರು. ಗೋಪಿನಾಥರು ಹೆಬ್ಬೆರಳನ್ನು ಬಾಯಿಗೆ ಎತ್ತಿ ಕಾಫಿ ಕುಡಿಯುವ ಅಭಿನಯ ಮಾಡಿದರು.

ಗೋಮತಿಯ ಕಣ್ಣು ಅವರ ಅಭಿನಯದ ಮೇಲಿರಲಿಲ್ಲ. ಗಾಜಿನ ಮೇಲೆ ಮೂಡಿದ್ದ ಬೆರಳಿನ ಗುರುತುಗಳ ಮೇಲಿತ್ತು. ಒಳಗೆ ಹೋಗಿ ಬಟ್ಟೆ ತಂದು ಉಜ್ಜಿದರು. ಹೋಗಲಿಲ್ಲ. ಇನ್ನೊಮ್ಮೆ ಉಜ್ಜಿ, ಬಗ್ಗಿ ನೋಡಿ, ಕಲೆ ಹೊರಗಡೆಯದು ಎಂದು ಅರ್ಥವಾದ ಮೇಲೆ, ಆ ಕಲೆಗೆ ಒಂದು ಬೆರಳು ತೋರಿಸಿ, ಗಂಡನ ಹೆಗಲ ಮೇಲಿದ್ದ ಟವೆಲಿಗೆ ಇನ್ನೊಂದು ಬೆರಳು ತೋರಿಸಿದರು.

ಗೋಪಿನಾಥರು ಟವೆಲು ತೆಗೆದು ಒರೆಸತೊಡಗಿದರು. ಅಲ್ಲಲ್ಲ, ಇನ್ನೂ ಮೇಲೆ, ಎಂದು ಒಳಗಿನಿಂದ ಬೆರಳು ದಾರಿ ತೋರಿಸುತ್ತಿತ್ತು.