ಪಿಕಳಾರದ ಮರಿಗಳೂ ಗುಮಾಸ್ತರ ಸೊಂಟವೂ

ಗುಮಾಸ್ತರು ಅಷ್ಟು ಜೋರಾಗಿ ನರಳಬಾರದಿತ್ತು. ಫೋನಿನಲ್ಲಿ ಸಾಹೇಬರಿಗೆ ಕೇಳಿಸುವಷ್ಟು ನರಳಿದ್ದರೆ ಸಾಕಿತ್ತು. ಆದರೆ ಸುಳ್ಳು ಹೇಳಿ ಅಭ್ಯಾಸವಿಲ್ಲದವರಿಗೆ ಅದರ ಅಳತೆ ತಿಳಿಯುವುದಿಲ್ಲ. "ಅಯ್ಯಯ್ಯೋ, ಸೊಂಟ ಹಿಡ್ಕೊಂಡ್ಬಿಟ್ಟಿದೆ ಸಾರ್, ಏಳೋಕೇ ಆಗ್ತಿಲ್ಲ" ಎಂದು ಹಿತ್ತಲಲ್ಲಿ ನಿಂತು ಕೂಗಿದ್ದು ಗೋಡೆಯಾಚೆ ಬಟ್ಟೆ ಒಣಹಾಕುತ್ತಿದ್ದ ಪಕ್ಕದ ಮನೆಯ ದೊಡ್ಡಮ್ಮನಿಗೂ ಕೇಳಿಸಿತು.

ವಿಷಯ ಇಷ್ಟೇ. ಹಿತ್ತಲ ದಾಸವಾಳದ ಗಿಡದಲ್ಲಿ ಪಿಕಳಾರ ಹಕ್ಕಿ ಗೂಡು ಕಟ್ಟಿ ಮೂರು ಮರಿ ಮಾಡಿತ್ತು. ಅವು ಕಣ್ಣು ಬಿಡುವ ಮೊದಲಿನಿಂದಲೂ ಗುಮಾಸ್ತರು ದಿನಾ ನೋಡುತ್ತ ಬಂದಿದ್ದರು. ತಾಯಿ ಹುಳ ತಂದರೆ ಇವರ ಬಾಯಿಯೂ ತಾನಾಗಿ ತೆರೆದುಕೊಳ್ಳುತ್ತಿತ್ತು. ಈಗ ಮರಿಗಳು ಗೂಡಿನ ಅಂಚಿಗೆ ಬಂದು ರೆಕ್ಕೆ ಬಡಿಯುತ್ತಿದ್ದವು. ಇವತ್ತು ಹಾರುವುದು ಖಂಡಿತ. ಅದನ್ನು ಕಣ್ಣಾರೆ ನೋಡಬೇಕೆಂಬ ಆಸೆ ಅವರಿಗೆ. ಕೊರಿಯರ್ ಆಫೀಸಿನ ಸಾಹೇಬರೋ, ಕಾಯಿಲೆಗೆ ಬಿಟ್ಟು ಬೇರೆ ಯಾವುದಕ್ಕೂ ರಜೆ ಕೊಡುವವರಲ್ಲ. ಹಾಗಾಗಿ ಸೊಂಟ ಹಿಡಿಯಿತು.

ಕುರ್ಚಿ ಹಾಕಿಕೊಂಡು ಇನ್ನೇನು ಕೂರಬೇಕು, ದೊಡ್ಡಮ್ಮ ಎಣ್ಣೆಯ ಬಟ್ಟಲು ಹಿಡಿದು ಬಂದೇಬಿಟ್ಟರು.

"ಏಳೋಕಾಗಲ್ಲ ಅಂದೋನು ಇಲ್ಲೇನಪ್ಪಾ ಮಾಡ್ತಿದ್ದೀಯ? ನಡಿ ಒಳಗೆ!"

"ಸ್ವಲ್ಪ ಗಾಳಿಗೆ ಅಂತ, ದೊಡ್ಡಮ್ಮ..."

"ಸೊಂಟಕ್ಕೆ ಗಾಳಿ ಏನು ಮಾಡತ್ತೆ? ಬೋರಲು ಮಲಕ್ಕೋ."

ನಿಜ ಹೇಳೋಣವೆಂದರೆ ದೊಡ್ಡಮ್ಮನ ತಂಗಿಯ ಮಗ ಅದೇ ಆಫೀಸಿನಲ್ಲಿ ಪಾರ್ಸೆಲ್ ತೂಗುವವನು. ದೊಡ್ಡಮ್ಮನ ಬಾಯಲ್ಲಿ ಗುಟ್ಟು ನಿಲ್ಲುವುದು ಜರಡಿಯಲ್ಲಿ ನೀರು ನಿಂತಷ್ಟೇ. ಗುಮಾಸ್ತರು ತೆಪ್ಪಗೆ ಹೋಗಿ ಬೋರಲಾದರು.

ಸುದ್ದಿ ಎದುರು ಮನೆಗೂ ಮುಟ್ಟಿ, ನಿವೃತ್ತ ಡ್ರಿಲ್ ಮಾಸ್ತರು ಬಂದರು. "ಎಣ್ಣೆ ಸಾಲದು, ಕಾಲು ಮಡಿಸಬೇಕು" ಎಂದು ಗುಮಾಸ್ತರನ್ನು ಅಂಗಾತ ಹೊರಳಿಸಿ ಮೊಣಕಾಲನ್ನು ಎದೆಗೆ ಒತ್ತಿದರು. ಆಗಲೇ ಹಿಂಬಾಗಿಲಿನಿಂದ ಹೆಂಡತಿಯ ಕೂಗು:

"ರೀ, ಒಂದು ಹಾರ್ತು!"

ಗುಮಾಸ್ತರು ನೆಗೆದೆದ್ದರು. ಮಾಸ್ತರು ಹೆಗಲು ಹಿಡಿದು ಕೆಡವಿದರು. "ಏಳಬಾರ್ದು! ನರ ಹೊರಳತ್ತೆ!"

ದೊಡ್ಡಮ್ಮ ಮತ್ತೆ ಬೋರಲು ಮಲಗಿಸಿ ಬಿಸಿನೀರಿನ ಶಾಖ ಕೊಡುತ್ತಿದ್ದಾಗ ಎರಡನೆಯದೂ ಹಾರಿಹೋಯಿತು.

"ಹೇಗೆ ಹಾರ್ತೇ?" ಎಂದು ಗುಮಾಸ್ತರು ದಿಂಬಿನೊಳಗಿಂದಲೇ ಗೋಗರೆದರು.

"ಹೇಗೆ ಅಂದ್ರೆ? ಇಲ್ಲಿತ್ತು, ಅಲ್ಲಿಗೆ ಹೋಯ್ತು" ಎಂದಳು ಹೆಂಡತಿ.

ಮೂರನೆಯದು ಪುಕ್ಕಲು ಮರಿ, ಗೂಡಿಗೇ ಅಂಟಿಕೊಂಡಿತ್ತು. ಗುಮಾಸ್ತರಿಗೆ ಹೋದ ಪ್ರಾಣ ಬಂದಂತಾಯಿತು. ಮಧ್ಯಾಹ್ನ ದೊಡ್ಡಮ್ಮ, ಮಾಸ್ತರು ಇಬ್ಬರೂ ಊಟಕ್ಕೆಂದು ಮನೆಗೆ ಹೋದದ್ದೇ ತಡ, ಅವರು ಮೆಲ್ಲಗೆ ಹಿತ್ತಲ ಬಾಗಿಲಿಗೆ ಬಂದರು. ಮರಿ ಕತ್ತು ಚಾಚಿ ಕೆಳಗೆ ನೋಡುತ್ತಿತ್ತು.

"ರೀ, ನಿಮ್ಮ ಸಾಹೇಬ್ರು ಬಂದ್ರು!"

ಮರಿಗಿಂತ ಮೊದಲು ಗುಮಾಸ್ತರೇ ಹಾರಿ ಮಂಚಕ್ಕೆ ಬಿದ್ದರು.

ಸಾಹೇಬರು ಕಿತ್ತಳೆ ಹಣ್ಣು ಕೊಟ್ಟರು, ಎಣ್ಣೆಯಲ್ಲಿ ಮಿಂದಿದ್ದ ಸೊಂಟ ನೋಡಿ ಲೊಚಗುಟ್ಟಿದರು. ಅಷ್ಟರಲ್ಲಿ ಕರೆಂಟು ಹೋಯಿತು.

"ಅಬ್ಬಾ, ಏನು ಸೆಕೆ! ನೀವು ಅಲ್ಲಾಡಬೇಡಿ. ನಾನು ಸ್ವಲ್ಪ ಹೊತ್ತು ಹಿಂದುಗಡೆ ಕೂತಿರ್ತೀನಿ."

ಗುಮಾಸ್ತರ ಕುರ್ಚಿ ಕಿರುಗುಟ್ಟಿದ್ದು ಒಳಗೆ ಕೇಳಿಸಿತು. ಗುಮಾಸ್ತರು ಸೂರನ್ನೇ ನೋಡುತ್ತ, ಮರೀ, ಸ್ವಲ್ಪ ತಡಿಯಪ್ಪಾ ಎಂದು ಮನಸ್ಸಿನಲ್ಲೇ ಕೈಮುಗಿದರು. ಇದ್ದಕ್ಕಿದ್ದಂತೆ ಹಿತ್ತಲಿನಿಂದ "ಭಲೇ! ಭಲೇ!" ಎಂಬ ಕೂಗು ಬಂತು.

ಸಾಹೇಬರು ಓಡಿಬಂದರು. ಕಣ್ಣು ಒದ್ದೆಯಾಗಿತ್ತು. "ಏನ್ರೀ ಅದು! ಎರಡು ಸಲ ಹೆದರಿ ಹಿಂದಕ್ಕೆ ಹೋಯ್ತು. ತಾಯಿ ಹುಳ ತೋರಿಸಿ ಕರೀತಾನೇ ಇತ್ತು. ಆಮೇಲೆ ನೋಡಿ, ಹೀಗೆ..." ಎಂದು ಎರಡೂ ಕೈ ಬಡಿಯುತ್ತ ಕೋಣೆಯಲ್ಲಿ ಒಂದು ಸುತ್ತು ಹಾಕಿದರು. ಇಷ್ಟು ವರ್ಷದಲ್ಲಿ ಅವರು ನಕ್ಕಿದ್ದನ್ನೇ ಗುಮಾಸ್ತರು ನೋಡಿರಲಿಲ್ಲ.

ಗುಮಾಸ್ತರ ಕಣ್ಣಲ್ಲೂ ನೀರು ತುಂಬಿತು.

"ತುಂಬಾ ನೋವಾ?"

"ತುಂಬಾ ಸಾರ್."

"ನೋಡಿ, ಮುಂದಿನ ಸಲ ಮರಿ ಹಾರೋ ದಿನ ಮೊದಲೇ ಹೇಳ್ಬಿಡಿ. ಎಂಥ ಕೆಲಸ ಇದ್ರೂ ರಜೆ ಹಾಕಿ ಬರ್ತೀನಿ."

ಗುಮಾಸ್ತರ ಮುಖ ಅರಳಿತು. "ಅದಕ್ಕೇನು ಸಾರ್, ಇಬ್ರೂ ಕೂತು ನೋಡೋಣ!"

"ಇಬ್ರೂ ಹೇಗ್ರೀ ಆಗತ್ತೆ?" ಎಂದರು ಸಾಹೇಬರು. "ಆವತ್ತು ಆಫೀಸ್ ನೋಡ್ಕೊಳ್ಳೋದು ನೀವು."