ಪಂಚಾಕ್ಷರಿಯ ತೈಲಾವತರಣ

ಘರ್ಷಣಸಂಹಾರಿಣಿಯೂ ಲೋಹಸಂಧಿವಿಹಾರಿಣಿಯೂ ಆದ ಎಲೈ ಎಂಜಿನ್ ಆಯಿಲೇ, ಮೊದಲ ನಮಸ್ಕಾರ ನಿನಗೆ. ನೀನಿಲ್ಲದೆ ಪಿಸ್ಟನ್ ಚಲಿಸದು, ಬೇರಿಂಗ್ ಬದುಕದು, ಮೆಕ್ಯಾನಿಕ್ಕನ ಅಂಗಿಗೆ ಬಣ್ಣವೂ ಬಾರದು. ಹುಬ್ಬಳ್ಳಿಯ ರಸ್ತೆಗಳಲ್ಲಿ ಹೊಂಡಗಳು ಸರೋವರಗಳೊಡನೆ ಸ್ಪರ್ಧೆಗಿಳಿದಿದ್ದ, ಧೂಳು ಸೂರ್ಯನನ್ನೇ ಮರೆಮಾಡಿದ್ದ ಯುಗದಲ್ಲಿ, ಸ್ಪ್ಯಾನರ್‌ಧಾರಿಯೂ ಗ್ರೀಸ್‌ಲೇಪಿತಬಾಹುವೂ ಪೂರ್ಣಕುಂಭೋದರವಿಭೂಷಿತನೂ ಆದ ಪಂಚಾಕ್ಷರಿಯೆಂಬ ಗ್ಯಾರೇಜಾಧಿಪತಿಯು ತನ್ನ ಹೆಂಡತಿಯ ತಮ್ಮನೊಡನೆ ಹೂಡಿದ ಘೋರ ಸಮರವನ್ನು ಹೇಳಹೊರಟಿರುವೆನು. ನನ್ನ ಮಾತು ನಡುವೆ ಎಲ್ಲಿಯೂ ಕಟ್ಟಿಕೊಳ್ಳದಂತೆ ಹರಸು.

ಆ ತಮ್ಮನ ಹೆಸರು ಚನ್ನವೀರ. ಧವಳವಸ್ತ್ರಪ್ರಿಯ, ಸೀರೆಯಂಗಡಿಯ ಒಡೆಯ. ಹಗಲೆಲ್ಲ ಗಾದಿಯ ಮೇಲೆ ಕುಳಿತು ಸೆರಗು ಬಿಡಿಸಿ ತೋರಿಸುವ ಈ ಸೌಮ್ಯಮೂರ್ತಿಯ ಎದೆಯಲ್ಲಿ ಜೀಪಿನ ರೇಸೆಂಬ ಕಾಳ್ಗಿಚ್ಚು ಉರಿಯುತ್ತಿತ್ತು. ಹೋದ ವರ್ಷದ ಕೆಸರಿನ ರೇಸಿನಲ್ಲಿ ಅವನ ಹಳೆಯ ಪೆಟ್ರೋಲ್ ಜೀಪು ದಿಬ್ಬದ ನಡುವೆ ಉಸಿರುಗಟ್ಟಿ ನಿಂತು, ಟ್ರ್ಯಾಕ್ಟರಿಗೆ ಕಟ್ಟಿಸಿಕೊಂಡು ಕೆಳಗಿಳಿದಿತ್ತು. ಆ ವಿಡಿಯೊ ಬೀಗರ ಮೊಬೈಲುಗಳಲ್ಲೆಲ್ಲ ಸಂಚರಿಸಿತ್ತು. ಆ ಅವಮಾನವನ್ನು ತೊಳೆಯಲೆಂದೇ ಅವನು ಎಲ್ಲಿಂದಲೋ ಒಂದು ಸೂಪರ್‌ಚಾರ್ಜರ್ ತರಿಸಿದನು. ಅದು ಗಾಳಿಯನ್ನು ಒತ್ತಿ ಒತ್ತಿ ಎಂಜಿನ್ನಿಗೆ ಉಣಿಸುವ ಶಂಖಾಕಾರದ ಯಂತ್ರ. ಭಾನುವಾರ ರೇಸು, ಶುಕ್ರವಾರ ಮುಂಜಾನೆ ಜೀಪು ಪಂಚಾಕ್ಷರಿಯ ಗ್ಯಾರೇಜಿನಲ್ಲಿ ನಿಂತಿತು.

ಯಂತ್ರವನ್ನು ಕೂರಿಸಿದ್ದಾಯಿತು, ಬೆಲ್ಟು ಬಿಗಿದದ್ದಾಯಿತು. ಅದರ ಹಲ್ಲುಚಕ್ರಗಳಿಗೆ ಎಂಜಿನ್ನಿನ ಎಣ್ಣೆಯನ್ನೇ ಕುಡಿಸಬೇಕು. ಮೇಲೇರುವ ಎಣ್ಣೆಯನ್ನು ಪಂಪು ನೂಕುತ್ತದೆ. ಆದರೆ ಕುಡಿದುಳಿದ ಎಣ್ಣೆ ಮರಳಿ ಬರುವಾಗ ಅದಕ್ಕೆ ಯಾರ ನೆರವೂ ಇಲ್ಲ, ಇಳಿಜಾರೊಂದೇ ಗತಿ. ಎಂಜಿನ್ನಿನ ತಳದಲ್ಲಿ ಎಣ್ಣೆ ತುಂಬಿಕೊಂಡಿರುವ ತಟ್ಟೆಗೆ, ಅಂದರೆ ಚೇಂಬರಿಗೆ, ಮೇಲ್ಭಾಗದಲ್ಲಿ ತೂತು ಕೊರೆದು ಅಲ್ಲಿಗೆ ಪೈಪು ಇಳಿಸುವೆನೆಂದು ಪಂಚಾಕ್ಷರಿಯು ಡ್ರಿಲ್ಲನ್ನು ವಜ್ರಾಯುಧದಂತೆ ಎತ್ತಿದನು. ಆಗ ಚನ್ನವೀರನು ಎರಡೂ ತೋಳು ಚಾಚಿ ಜೀಪಿಗೆ ಅಡ್ಡ ನಿಂತು, ಪ್ರಳಯಮೇಘಗಂಭೀರಧ್ವನಿಯಿಂದ ಹೀಗೆಂದನು:

“ಮಾಮಾ, ತೂತ ಗೀತ ಹಾಕಿದ್ರ ನೋಡ್ರಿ ಮತ್ತ! ಇದು ನಮ್ಮಪ್ಪನ ಕಾಲದ ಎಂಜಿನ್. ಇದರ ಹೊಟ್ಟಿ ಹರಿಯಾಕ ನಾ ಬಿಡಂಗಿಲ್ಲ.”

“ಲೇ, ಎಣ್ಣಿ ವಾಪಸ್ ಎಲ್ಲಿಗಿ ಹೋಗಬೇಕೋ ಹಂಗಾದ್ರ? ನಿನ್ನ ಅಂಗಡಿಗೆ ಬರ್ತದೇನು?”

“ಮ್ಯಾಲ ಎಂಜಿನ್ ತಲಿ ಮುಚ್ಚಳ, ಟ್ಯಾಪೆಟ್ ಕವರ್ ಐತೆಲ್ಲ, ಅದಕ್ಕ ಕೊಡ್ರಿ. ಅಲ್ಲಿ ಮೊದಲ ತೂತ ಐತಿ.”

“ಅದು ಸೂಪರ್‌ಚಾರ್ಜರಿಗಿಂತ ಎತ್ತರದಾಗ ಐತಿ. ಎಣ್ಣಿ ಏನ್ ಮೆಟ್ಟಲಾ ಹತ್ತಿ ಹೋಗ್ತದೇನು?” ಎಂದು ಗುಡುಗಿದ ಪಂಚಾಕ್ಷರಿಯು ಎದೆ ತಟ್ಟಿಕೊಂಡು ಮುಂದುವರಿಸಿದನು: “ಲಾರಿ ಎಂಜಿನ್ ಬಿಚ್ಚಿ ಚಾದಂಗಡಿ ಮುಂದ ಹರವಿ, ಹೊಳ್ಳಿ ಜೋಡಿಸಿ ಗೋವಾಕ್ಕ ಕಳಿಸಿದಾಂವ ನಾ. ನನಗ ಸೀರಿ ಮಾರಾಂವ ಎಣ್ಣಿ ದಾರಿ ತೋರಸ್ತಾನ!”

“ಹಂಗಾದ್ರ ಈ ಸೀರಿ ಮಾರಾಂವನ ಜೀಪ್ ಮುಟ್ಟಬ್ಯಾಡ್ರಿ.”

ಮೌನವೆಂಬ ಮಹಾಸ್ತ್ರವನ್ನು ಇಬ್ಬರೂ ಏಕಕಾಲದಲ್ಲಿ ಪ್ರಯೋಗಿಸಿದರು. ಚಹಾ ಬಂದಿತು, ಆರಿತು. ಕೊನೆಗೆ ಕ್ರೋಧಕ್ಕಿಂತ ಕುಚೋದ್ಯವೇ ಬಲವಾಗಿ, ಪಂಚಾಕ್ಷರಿಯು ಡ್ರಿಲ್ಲನ್ನು ಕೆಳಗಿಟ್ಟು, ಭಾಮೈದುನ ಹೇಳಿದಂತೆಯೇ ಪೈಪನ್ನು ಮೇಲಕ್ಕೆ ಬಾಗಿಸಿ ಟ್ಯಾಪೆಟ್ ಕವರಿಗೆ ಜೋಡಿಸಿದನು. “ಹೊಡಿ ಕೀಲಿ” ಎಂದಷ್ಟೇ ಹೇಳಿ ಮೂಗಿಗೆ ಟವೆಲ್ ಕಟ್ಟಿಕೊಂಡನು.

ಎಂಜಿನ್ ಘೀಳಿಟ್ಟಿತು, ಸೂಪರ್‌ಚಾರ್ಜರ್ ಸಿಳ್ಳು ಹಾಕಿತು. ಚನ್ನವೀರನ ಮುಖ ಅರಳಿತು. ಆದರೆ ಮೇಲೇರಲಾರದ ಎಣ್ಣೆಯು ಯಂತ್ರದೊಳಗೇ ತುಂಬಿ, ಸೀಲುಗಳನ್ನು ದಾಟಿ, ಗಾಳಿಯೊಡನೆ ಎಂಜಿನ್ನಿಗೆ ನುಗ್ಗಿ ಉರಿಯತೊಡಗಿತು. ಸೈಲೆನ್ಸರಿನಿಂದ ನೀಲಧೂಮವು ಹೊರಟು ಗ್ಯಾರೇಜನ್ನು ನುಂಗಿತು, ಬೀದಿಯನ್ನು ನುಂಗಿತು, ಎದುರಿನ ಮಾಳಿಗೆಯ ಮೇಲೆ ಹಪ್ಪಳ ಒಣಹಾಕುತ್ತಿದ್ದ ಸಿದ್ದವ್ವಜ್ಜಿಯನ್ನೂ ನುಂಗಿತು. ಧೂಮಗರ್ಭದಿಂದ ಆಕೆಯ ವಾಣಿಯೊಂದೇ ಕೇಳಿಬಂದಿತು: “ಯಾರ್ಲೇ ಅದು, ಹಗಲ್ಹೊತ್ತಿನಾಗ ಸೊಳ್ಳಿ ಔಷಧ ಹೊಡಿಯಾಕತ್ತಾರ?”

ಚನ್ನವೀರನು ಕೀಲಿ ತಿರುಗಿಸಿ ಎಂಜಿನ್ ಆರಿಸಿ ಕೆಳಗಿಳಿದನು. ಅವನ ಕಣ್ಣುಗಳಲ್ಲಿ ನೀರಿತ್ತು. ಅದು ಹೊಗೆಯದೋ ದುಃಖದ್ದೋ ನಾನು ಅರಿಯೆನು. ತಂದೆಯ ಕಾಲದ ಜೀಪಿನ ಬಾನೆಟ್ಟನ್ನೊಮ್ಮೆ ಸವರಿ, “ಹಾಕ್ರಿ ಮಾಮಾ ತೂತ,” ಎಂದನು. “ಸಣ್ಣದ ಹಾಕ್ರಿ.”

“ಸಣ್ಣದ ಆದ್ರ ಎಣ್ಣಿ ಇಳಿಯಂಗಿಲ್ಲೋ. ನೀ ಆ ಕಡೆ ತಿರುಗಿ ನಿಂದ್ರು,” ಎಂದನು ಪಂಚಾಕ್ಷರಿ, ಮೆತ್ತಗಾಗಿ.

ಆಗ ಎಣ್ಣೆ ಬಸಿಯಿತು, ಚೇಂಬರ್ ಕೆಳಗಿಳಿಯಿತು, ಲೋಹವನ್ನು ಲೋಹವು ಕೊರೆಯಿತು. ಲೋಹದ ಒಂದು ಚೂರೂ ಉಳಿಯದಂತೆ ಪಂಚಾಕ್ಷರಿಯು ಆ ತಟ್ಟೆಯನ್ನು ಪೆಟ್ರೋಲಿನಲ್ಲಿ ಮೀಯಿಸಿ, ತೂತಿಗೆ ನಳಿಗೆಯೊಂದನ್ನು ಬೆಸುಗೆ ಹಾಕಿ, ಚೇಂಬರನ್ನು ಮತ್ತೆ ಮೇಲೇರಿಸಿ ಎಣ್ಣೆ ಸುರಿದನು. ಬಳಿಕ ದಪ್ಪನೆಯ ರಬ್ಬರ್ ಪೈಪೊಂದನ್ನು ಮೇಲಿನಿಂದ ಕೆಳಗೆ ಜೋಡಿಸಿ, ವಿಜಯಿಯಂತೆ ಸೊಂಟದ ಮೇಲೆ ಕೈಯಿಟ್ಟು ನಿಂತನು.

ಅಷ್ಟರಲ್ಲಿ ಆ ಧವಳವಸ್ತ್ರಧಾರಿಯು ಯಾರೂ ಎಣಿಸದ ಸಾಹಸವೊಂದನ್ನು ಮಾಡಿದನು: ಬಿಳಿಯಂಗಿಯಲ್ಲೇ ಜೀಪಿನಡಿಗೆ ಅಂಗಾತ ಮಲಗಿ ಒಳಸರಿದನು. ನೆರಿಗೆಯ ಓರೆಯನ್ನು ದೂರದಿಂದಲೇ ಹಿಡಿಯುವ ಅವನ ಕಣ್ಣು ಅಲ್ಲಿಯೂ ಸುಮ್ಮನಿರಲಿಲ್ಲ.

“ಮಾಮಾ, ಪೈಪ್ ನಡುವ ಜೋತ ಬಿದ್ದೈತಿ. ಇಲ್ಲಿ ಎಣ್ಣಿ ನಿಂದ್ರತೈತಿ ನೋಡ್ರಿ.”

“ಎಲ್ಲಿ? ಅಲ್ಲೇನಿಲ್ಲ.”

“ನೀವ ಬಂದ ನೋಡ್ರಿ.”

ಪೂರ್ಣಕುಂಭೋದರನೂ ಮಹಾಪ್ರಯಾಸದಿಂದ ಒಳಸರಿದನು. ನೋಡಿದನು. ಬೆರಳಿನಿಂದ ಪೈಪನ್ನೊಮ್ಮೆ ಎತ್ತಿ ಬಿಟ್ಟನು. “ಹೌದಲೇ,” ಎಂದು ಕೊನೆಗೆ ಒಪ್ಪಿ ಚಾಕು ಬೇಡಿದನು. ಒಬ್ಬನು ಹಿಡಿದನು, ಇನ್ನೊಬ್ಬನು ಕತ್ತರಿಸಿದನು. ಪೈಪು ಎಲ್ಲಿಯೂ ತಗ್ಗದೆ ಉಬ್ಬದೆ, ಬಿಸಿ ಸೈಲೆನ್ಸರಿಗೆ ತಾಗದೆ, ನೇರ ಇಳಿಜಾರಿನಲ್ಲಿ ಇಳಿಯಿತು. ಕ್ಲಿಪ್ಪು ಬಿಗಿಯುವಾಗ ಇಬ್ಬರ ತಲೆಗಳು ಢಿಕ್ಕಿ ಹೊಡೆದವು, ಮತ್ತು ಇಬ್ಬರೂ ನಕ್ಕರು.

ಈ ಸಲ ಹೊಗೆಯಿಲ್ಲ. ಭಾನುವಾರ ಆ ಜೀಪು ದಿಬ್ಬವನ್ನು ಹತ್ತಿತೆಂಬುದನ್ನೂ ಕೊನೆಯವನಿಗಿಂತ ಒಂದು ಸ್ಥಾನ ಮುಂದೆ ಬಂದಿತೆಂಬುದನ್ನೂ ಇಲ್ಲಿಯೇ ಹೇಳಿಬಿಡುವೆನು. ಏಕೆಂದರೆ ಆ ಶುಕ್ರವಾರದ ಸಂಜೆಯ ವೃತ್ತಾಂತ ಅದಕ್ಕಿಂತ ದಾರುಣವಾದುದು.

ದಿಗ್ವಿಜಯ ಮುಗಿಸಿದ ಸಾಮ್ರಾಟರಂತೆ ಮಸಿಮೆತ್ತಿದ ವೀರರಿಬ್ಬರೂ ಮನೆ ಹೊಕ್ಕರು. ಪಂಚಾಕ್ಷರಿಯ ಪತ್ನಿಯೂ ಚನ್ನವೀರನ ಅಕ್ಕನೂ ಆದ ನೀಲಗಂಗಾದೇವಿಯು ರೊಟ್ಟಿ ಬಡಿಯುತ್ತ ಕೇಳಿದಳು: “ಮುಂಜಾನಿಂದ ಇಬ್ರೂ ಕೂಡಿ ಏನ್ ಮಾಡಿದ್ರಿ?”

“ಪೈಪ್ ಹಾಕಿದ್ವಿ,” ಎಂದನು ಪಂಚಾಕ್ಷರಿ.

“ಎಷ್ಟುದ್ದಂದು?”

ಚನ್ನವೀರನು ಎರಡೂ ಅಂಗೈಗಳನ್ನು ಎದುರುಬದುರು ಹಿಡಿದು ತೋರಿಸಿದನು. ಆಕೆ ಆ ಗೇಣೆರಡರ ಅಂತರವನ್ನು ನೋಡಿದಳು, ತಮ್ಮನ ಅಂಗಿಯನ್ನು ನೋಡಿದಳು.

“ಅಕ್ಕಾ, ಅದು ಹಂಗಲ್ಲ. ಇಳಿಜಾರ ಸರಿಯಾಗಿ ಕೊಡಬೇಕು. ಮಾಮಾನಂಗ ಕೊಡಾವ್ರು ಈ ಊರಾಗ ಯಾರೂ ಇಲ್ಲ.”

“ಹೌದೇನು?” ನೀಲಗಂಗಾ ಹಿಟ್ಟಿನ ಕೈ ಝಾಡಿಸಿದಳು. “ಹಂಗಾದ್ರ ಬಚ್ಚಲಕ್ಕ ಬರ್ರಿ ಇಬ್ರೂ. ಅಲ್ಲಿ ನೀರ ಹೋಗವಲ್ದು, ನಿಂತ ಜಳಕ ಮಾಡಿದ್ರ ಹಿಮ್ಮಡ ಮುಳಗತಾವ. ಆ ಪೈಪ್ ಹಾಕಿದವ್ರು ಯಾರಂತ ನಾ ಏನ್ ಹೇಳಂಗಿಲ್ಲ.”

ಗ್ಯಾರೇಜಾಧಿಪತಿಯು ಪ್ಯಾಂಟನ್ನು ಮೊಣಕಾಲವರೆಗೆ ಮಡಚಿ, ಪೊರಕೆಯ ಕಡ್ಡಿಯೊಂದನ್ನು ಕೈಯಲ್ಲಿ ಹಿಡಿದು, ಬಚ್ಚಲಿನ ಮೂಲೆಯಲ್ಲಿ ಕುಕ್ಕರುಗಾಲಲ್ಲಿ ಕುಳಿತನು. ಬಹಳ ಹೊತ್ತು ಕುಳಿತನು.

ಮರುದಿನ ಪ್ಲಂಬರ್ ಬಂದನು.